ಗಾಳಿಯನ್ನು ಗೆದ್ದ ಗೋಪುರ, ನೀರಿಗೆ ಸೋತ ನೆಲಮಾಳಿಗೆ



ನ್ಯೂಯಾರ್ಕ್ ಎಂದೊಡನೆ ಎಲ್ಲರ ಕಣ್ಣೂ ಮೇಲಕ್ಕೆ ಹೋಗುತ್ತದೆ. ಕ್ಯಾಲೆಂಡರುಗಳಲ್ಲಿ, ಸಿನಿಮಾಗಳಲ್ಲಿ ಕಾಣುವುದು ಆ ನಗರದ ನೆತ್ತಿ ಮಾತ್ರ. ಆ ಎತ್ತರದ ಕಟ್ಟಡಗಳಲ್ಲಿ ಬಹುಪಾಲು ಅರಮನೆಗಳೂ ಅಲ್ಲ, ದೇವಾಲಯಗಳೂ ಅಲ್ಲ. ಗುಮಾಸ್ತರು, ಟೈಪಿಸ್ಟರು, ದಲ್ಲಾಳಿಗಳು ಕೂತು ಕೆಲಸ ಮಾಡಲೆಂದು ಕಟ್ಟಿಸಿದ ಕಚೇರಿಗಳು. ಒಂದು ನಗರದ ಚರಿತ್ರೆಯನ್ನು ಅದರ ಕಚೇರಿಗಳಿಂದ ಓದಬೇಕಾಗಿ ಬರುವುದು ಅಪರೂಪ. ನ್ಯೂಯಾರ್ಕಿನ ಮಟ್ಟಿಗೆ ಅದು ಅನಿವಾರ್ಯ. ಆ ಕಚೇರಿಗಳ ಚರಿತ್ರೆಯನ್ನು ಓದಲು ಹೊರಟರೆ ಪುಟಪುಟದಲ್ಲೂ ಬಿರುಗಾಳಿ ಅಡ್ಡ ಬರುತ್ತದೆ.

ಮೊದಲ ಪುಟ 1888ರ ಮಾರ್ಚ್ ತಿಂಗಳಿನದು. ಅದುವರೆಗೆ ಹಿತವಾಗಿದ್ದ ಹವೆ ಹನ್ನೊಂದನೆಯ ತಾರೀಖು ರಾತ್ರಿ ತಿರುಗಿಬಿತ್ತು. ಮಳೆ ಹಿಮವಾಯಿತು, ಗಾಳಿ ಚಂಡಮಾರುತವಾಯಿತು. ನಗರದಲ್ಲಿ ಬಿದ್ದ ಹಿಮದ ಲೆಕ್ಕ 21 ಅಂಗುಲ. ಗಾಳಿ ಅದನ್ನು ಗುಡಿಸಿ ರಾಶಿ ಹಾಕಿದ ಕಡೆ ಮನೆಗಳ ಬಾಗಿಲುಗಳೇ ಹೂತುಹೋದವು. ಸತ್ತವರು ನಗರವೊಂದರಲ್ಲೇ ಸುಮಾರು 200 ಮಂದಿ. ಆದರೆ ವ್ಯಾಪಾರದ ನಗರವನ್ನು ಕಂಗೆಡಿಸಿದ್ದು ಇನ್ನೊಂದು ಸಂಗತಿ. ಆ ಕಾಲದ ಬ್ರಾಡ್‌ವೇ ಬೀದಿಯ ಛಾಯಾಚಿತ್ರಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಆಕಾಶವೇ ಕಾಣುತ್ತಿರಲಿಲ್ಲ. ತೆಂಗಿನ ಮರಕ್ಕಿಂತ ಎತ್ತರದ ಕಂಬಗಳು, ಒಂದೊಂದು ಕಂಬಕ್ಕೂ ಹತ್ತಾರು ಅಡ್ಡಪಟ್ಟಿ, ಅವುಗಳ ಮೇಲೆ ನೂರಾರು ತಂತಿ: ತಂತಿ ಸಮಾಚಾರದ್ದು, ಟೆಲಿಫೋನಿನದು, ದೀಪದ್ದು. ಹಿಮದ ಭಾರಕ್ಕೆ, ಗಾಳಿಯ ಹೊಡೆತಕ್ಕೆ ಇವೆಲ್ಲ ಜೇಡರ ಬಲೆಯಂತೆ ಹರಿದುಬಿದ್ದವು. ನ್ಯೂಯಾರ್ಕಿಗೂ ಬಾಸ್ಟನ್ನಿಗೂ ನಡುವೆ ಸುದ್ದಿ ಕಡಿದುಹೋಯಿತು. ಷೇರುಪೇಟೆ ಬಾಗಿಲು ಹಾಕಿತು.

ತಂತಿಗಳನ್ನು ನೆಲದೊಳಗೆ ಹುಗಿಯಬೇಕೆಂಬ ಕಾನೂನು 1884ರಲ್ಲೇ ಬಂದಿತ್ತು. ಕಂಪನಿಗಳು ಖರ್ಚಿನ ನೆಪ ಹೇಳಿ ಕಾಲ ತಳ್ಳುತ್ತಿದ್ದವು. ಹಿಮಪಾತದ ನಂತರ ಜನ ಆ ನೆಪ ಕೇಳಲು ತಯಾರಿರಲಿಲ್ಲ. 1889ರಲ್ಲಿ ಮೇಯರ್ ಹ್ಯೂ ಗ್ರಾಂಟ್ ಕೊಡಲಿ ಹಿಡಿದ ಆಳುಗಳನ್ನೇ ಕಳುಹಿಸಿ ಕಂಬಗಳನ್ನು ಕಡಿಸತೊಡಗಿದರು. ತಂತಿಗಳು ನೆಲದ ಕೆಳಗಿನ ಕೊಳವೆಗಳಿಗೆ, ಕೊಳವೆಗಳಿಂದ ಕಟ್ಟಡಗಳ ನೆಲಮಾಳಿಗೆಗಳಿಗೆ ಇಳಿದವು. ಗಾಳಿ ಇನ್ನು ಅವುಗಳನ್ನು ಮುಟ್ಟಲಾರದು. ಆ ನೆಲಮಾಳಿಗೆಗಳಿಗೆ ಮುಂದೆ ಏನಾಯಿತು ಎಂಬುದು ಕೊನೆಯಲ್ಲಿ ಬರುತ್ತದೆ.

ತಂತಿಗಳು ಕೆಳಕ್ಕೆ ಇಳಿದ ಅದೇ ಕಾಲದಲ್ಲಿ ಕಟ್ಟಡಗಳು ಮೇಲಕ್ಕೆ ಎದ್ದವು. ಜಾನ್ ನೋಬಲ್ ಸ್ಟರ್ನ್ಸ್ ಎಂಬ ರೇಷ್ಮೆ ವ್ಯಾಪಾರಿಗೆ ಬ್ರಾಡ್‌ವೇಯಲ್ಲಿ ಒಂದು ನಿವೇಶನವಿತ್ತು. ಅಗಲ ಕೇವಲ 21 ಅಡಿ 6 ಅಂಗುಲ. ಅಷ್ಟು ಕಿರಿದಾದ ಜಾಗದಲ್ಲಿ ಎತ್ತರ ಕಟ್ಟಿದರೆ ಮಾತ್ರ ಬಾಡಿಗೆ ಗಿಟ್ಟೀತು. ಆದರೆ ಎತ್ತರ ಕಟ್ಟಿದಷ್ಟೂ ಕೆಳಗಿನ ಇಟ್ಟಿಗೆ ಗೋಡೆಗಳು ದಪ್ಪವಾಗಿರಬೇಕೆಂದು ಅಂದಿನ ನಿಯಮ. ಆ ಲೆಕ್ಕದಲ್ಲಿ ನೆಲ ಅಂತಸ್ತಿನ ಅರ್ಧ ಜಾಗ ಗೋಡೆಗೇ ಹೋಗುತ್ತಿತ್ತು. ಬ್ರಾಡ್‌ಫರ್ಡ್ ಲೀ ಗಿಲ್ಬರ್ಟ್ ಎಂಬ ವಾಸ್ತುಶಿಲ್ಪಿ ಒಂದು ಉಪಾಯ ಹೇಳಿದ. ಕಬ್ಬಿಣದ ರೈಲ್ವೆ ಸೇತುವೆಯನ್ನು ಮಲಗಿಸುವ ಬದಲು ನಿಲ್ಲಿಸಿದರೆ ಹೇಗೆ? ಭಾರವನ್ನೆಲ್ಲ ಕಬ್ಬಿಣದ ಚೌಕಟ್ಟು ಹೊರುತ್ತದೆ, ಗೋಡೆ ಬರೀ ಹೊದಿಕೆ.

ಇದನ್ನು ಕೇಳಿ ನಗರ ನಕ್ಕಿತು, ಆಮೇಲೆ ಹೆದರಿತು. ಗಾಳಿಯ ಒತ್ತಡ ಅದರ ವೇಗದ ವರ್ಗದಂತೆ ಏರುತ್ತದೆ. ಅಂದರೆ ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟು. ಹಳೆಯ ಕಲ್ಲಿನ ಕಟ್ಟಡ ತನ್ನ ತೂಕದಿಂದಲೇ ಅದನ್ನು ತಡೆದುಕೊಳ್ಳುತ್ತಿತ್ತು. ಹಡಗಿನ ಪಟದಂತೆ ತೆಳ್ಳಗೆ ಎದ್ದುನಿಂತ ಈ ಹನ್ನೊಂದು ಅಂತಸ್ತಿನದು ಹೇಗೆ ತಡೆದೀತು? ಗಿಲ್ಬರ್ಟ್ ಬುಡದಿಂದ ತುದಿಯವರೆಗೆ ಓರೆಪಟ್ಟಿಗಳನ್ನು ಕೊಟ್ಟು ಚೌಕಟ್ಟನ್ನು ಬಿಗಿದಿದ್ದ. ಆದರೆ ಓರೆಪಟ್ಟಿಯ ಗಣಿತ ದಾರಿಹೋಕನಿಗೆ ಕಾಣುವುದಿಲ್ಲವಲ್ಲ. ಮುಂದೆ ಆತನೇ ಹೇಳಿಕೊಂಡ ಕಥೆ ಹೀಗಿದೆ: ಕಟ್ಟಡ ಇನ್ನೂ ಏಳುತ್ತಿರುವಾಗ ಒಂದು ಭಾನುವಾರ ಬೆಳಿಗ್ಗೆ ಗಂಟೆಗೆ 80 ಮೈಲಿ ವೇಗದ ಗಾಳಿ ಎದ್ದಿತು. ಬೀಳುವುದನ್ನು ನೋಡಲೆಂದೇ ಜನ ದೂರದಲ್ಲಿ ಗುಂಪುಗೂಡಿದರು. ಗಿಲ್ಬರ್ಟ್ ಏಣಿ ಹತ್ತಿದ, ಮೇಲೆ ಹಲಗೆಗಳ ಮೇಲೆ ತೆವಳಿದ, ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವರು ಇಳಿಬಿಡುವ ತೂಕದ ಗುಂಡನ್ನು ಇಳಿಬಿಟ್ಟ. ಗುಂಡು ಅಲ್ಲಾಡಲಿಲ್ಲ.

ಕಥೆಯಲ್ಲಿ ಸ್ವಲ್ಪ ಉಪ್ಪುಖಾರ ಇರಬಹುದು. ತನ್ನ ಕಟ್ಟಡದ ಬಗ್ಗೆ ತಾನೇ ಹೇಳಿಕೊಂಡದ್ದು. ಆದರೆ 1889ರಲ್ಲಿ ಮುಗಿದ ಆ 'ಟವರ್ ಬಿಲ್ಡಿಂಗ್' ಯಾವ ಗಾಳಿಗೂ ಬೀಳಲಿಲ್ಲವೆಂಬುದು ನಿಜ. ಸುತ್ತ ಅದಕ್ಕಿಂತ ಎತ್ತರದವು ಎದ್ದು, ಬಾಡಿಗೆ ಬಾರದೆ, 1914ರಲ್ಲಿ ಅದನ್ನು ಕೆಡವಿದರು. ಗಾಳಿ ಮಾಡಲಾಗದ್ದನ್ನು ವ್ಯಾಪಾರ ಮಾಡಿತು.

ಅಷ್ಟರಲ್ಲಿ ಅದೇ ಬ್ರಾಡ್‌ವೇಯಲ್ಲಿ ವುಲ್‌ವರ್ತ್ ಕಟ್ಟಡ ತಲೆಯೆತ್ತಿತ್ತು. 1913ರಲ್ಲಿ ಮುಗಿದಾಗ 792 ಅಡಿ. ಜಗತ್ತಿನ ಅತಿ ಎತ್ತರದ ಕಟ್ಟಡ. ಐದು ಹತ್ತು ಸೆಂಟಿನ ಅಂಗಡಿಗಳಿಂದ ಶ್ರೀಮಂತನಾದ ಫ್ರಾಂಕ್ ವುಲ್‌ವರ್ತ್ ಅದನ್ನು ಸಾಲವಿಲ್ಲದೆ ಕಟ್ಟಿಸಿದ. ವಾಸ್ತುಶಿಲ್ಪಿ ಕ್ಯಾಸ್ ಗಿಲ್ಬರ್ಟ್. ಹಿಂದೆ ಹೇಳಿದ ಗಿಲ್ಬರ್ಟ್ ಬೇರೆ, ಈತ ಬೇರೆ. ಹೊರಗೆ ಇಗರ್ಜಿಯಂಥ ಕುಸುರಿ, ಒಳಗೆ ಗಾಳಿಗೆ ಎದುರಾಗಿ ಕಂಬ ತೊಲೆಗಳು ಸೇರುವೆಡೆ ಕಮಾನಿನಾಕಾರದ ಉಕ್ಕಿನ ಬಿಗಿತ, ತಳದಲ್ಲಿ ಬಂಡೆಯವರೆಗೆ ಇಳಿದ ಕಾಂಕ್ರೀಟು ಕಂಬಗಳು. ಇಂಥ ಕಟ್ಟಡವನ್ನು ಗಾಳಿ ಬೀಳಿಸಲಾರದು.

ಬೀಳಿಸಲಾರದು, ಆದರೆ ತಿನ್ನಬಲ್ಲದು. ಬಿರುಗಾಳಿಯ ಮಳೆ ನೇರವಾಗಿ ಬೀಳುವುದಿಲ್ಲ, ಅಡ್ಡಲಾಗಿ ಹೊಡೆಯುತ್ತದೆ. ಏಳುನೂರು ಅಡಿಯ ಗೋಡೆಗೆ ಎಷ್ಟು ನೀರು ಬಡಿಯುತ್ತದೆಂದು ಯೋಚಿಸಿ. ವುಲ್‌ವರ್ತ್ ಕಟ್ಟಡದ ಮೈಮೇಲಿನದು ಕಲ್ಲಲ್ಲ, ಅಚ್ಚಿನಲ್ಲಿ ಒತ್ತಿ ಸುಟ್ಟ ಮಣ್ಣಿನ ಬಿಲ್ಲೆಗಳು. ಸಂದುಗಳಿಂದ ಒಳಸೇರಿದ ನೀರು ಬಿಲ್ಲೆಯನ್ನು ಹಿಡಿದಿದ್ದ ಉಕ್ಕಿನ ಕೊಕ್ಕೆಗೆ ತುಕ್ಕು ಹಿಡಿಸಿತು. ತುಕ್ಕು ಉಬ್ಬಿ ಬಿಲ್ಲೆ ಬಿರಿಯಿತು. ಚಳಿಗಾಲದಲ್ಲಿ ಆ ಬಿರುಕಿನ ನೀರು ಹೆಪ್ಪುಗಟ್ಟಿ ಇನ್ನಷ್ಟು ಸೀಳಿತು. 1977ರಿಂದ 1981ರವರೆಗೆ ನಡೆದ ದುರಸ್ತಿಯಲ್ಲಿ ಸುಮಾರು 26 ಸಾವಿರ ಬಿಲ್ಲೆಗಳನ್ನು ತೆಗೆದು ಅಚ್ಚಿನ ಕಾಂಕ್ರೀಟು ಕೂರಿಸಬೇಕಾಯಿತು. 1979ರಲ್ಲಿ ನಗರದ ಇನ್ನೊಂದು ಭಾಗದಲ್ಲಿ ಹಳೆಯ ಕಟ್ಟಡದಿಂದ ಕಳಚಿದ ತುಣುಕೊಂದು ಬಿದ್ದು ಕಾಲೇಜು ವಿದ್ಯಾರ್ಥಿನಿಯೊಬ್ಬಳು ಸತ್ತಳು. ಮರುವರ್ಷವೇ ಎತ್ತರದ ಕಟ್ಟಡಗಳ ಮುಖವನ್ನು ನಿಯತವಾಗಿ ತಪಾಸಣೆ ಮಾಡಿಸಬೇಕೆಂಬ ನಗರ ಕಾನೂನು ಬಂತು. ನ್ಯೂಯಾರ್ಕಿನ ಪಾದಚಾರಿ ದಾರಿಗಳ ಮೇಲೆ ಎಲ್ಲೆಂದರಲ್ಲಿ ಮರದ ಚಪ್ಪರ ಕಾಣುವುದು ಈ ಕಾನೂನಿನ ಫಲ.

ಈಗ ಕಥೆಯ ನಡುಮನೆಗೆ ಬಂದಂತಾಯಿತು. ಯುದ್ಧದ ನಂತರ ಕಟ್ಟಿದ ಕಟ್ಟಡಗಳು ಕಲ್ಲನ್ನು ಬಿಟ್ಟು ಗಾಜು, ಅಲ್ಯೂಮಿನಿಯಂ ಹೊದ್ದವು. ಹಗುರವಾದವು. ಹಗುರವಾದದ್ದು ಗಾಳಿಗೆ ತೂಗುತ್ತದೆ. 1977ರಲ್ಲಿ ತೆರೆದ 59 ಅಂತಸ್ತಿನ ಸಿಟಿಕಾರ್ಪ್ ಕಟ್ಟಡ ಇವುಗಳಲ್ಲೆಲ್ಲ ವಿಚಿತ್ರ. ಬ್ಯಾಂಕು ಕೊಂಡ ನಿವೇಶನದ ಒಂದು ಮೂಲೆಯಲ್ಲಿ ಲೂಥರನ್ ಪಂಥದ ಇಗರ್ಜಿಯಿತ್ತು. ಮೇಲಿನ ಆಕಾಶವನ್ನು ಬೇಕಾದರೆ ಮಾರುತ್ತೇವೆ, ಆದರೆ ನಮ್ಮ ಇಗರ್ಜಿ ಅದೇ ಮೂಲೆಯಲ್ಲಿ ಹೊಸದಾಗಿ ಏಳಬೇಕು, ನಿಮ್ಮ ಕಂಬ ಅದರೊಳಗೆ ಇಳಿಯಕೂಡದು ಎಂದಿತು ಆ ಸಭೆ. ಆಗ ರಚನಾ ಎಂಜಿನಿಯರ್ ವಿಲಿಯಂ ಲೆಮೆಷರ್ ಕಂಬಗಳನ್ನು ನಾಲ್ಕು ಮೂಲೆಗಳಿಂದ ಕಿತ್ತು ನಾಲ್ಕು ಬದಿಗಳ ಮಧ್ಯಕ್ಕೆ ತಂದರು. ಒಂಬತ್ತು ಅಂತಸ್ತಿನೆತ್ತರದ ಕಾಲುಗಳ ಮೇಲೆ ಗೋಪುರ, ಮೂಲೆಗಳು ಅಂತರದಲ್ಲಿ. ಭಾರವನ್ನು ಮಧ್ಯದ ಕಾಲುಗಳಿಗೆ ತರಲು ಮೈತುಂಬ ಬಾಣದ ತುದಿಯಂತೆ ಉಕ್ಕಿನ ಓರೆತೊಲೆಗಳು. ತುದಿಯಲ್ಲಿ ತೂಗಾಟ ತಗ್ಗಿಸಲು 400 ಟನ್ ತೂಕದ ಕಾಂಕ್ರೀಟು ದಿಮ್ಮಿ. ಕಟ್ಟಡ ಇತ್ತ ವಾಲಿದರೆ ದಿಮ್ಮಿ ಎಣ್ಣೆಯ ಪದರದ ಮೇಲೆ ಅತ್ತ ಜಾರುತ್ತದೆ.

ಕಟ್ಟಡ ತೆರೆದ ಮರುವರ್ಷ, 1978ರಲ್ಲಿ, ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರ ಪ್ರಶ್ನೆ ಲೆಮೆಷರ್ ಕಚೇರಿಗೆ ತಲುಪಿತು. ಅದರಿಂದಾಗಿ ಅವರು ಹಳೆಯ ಲೆಕ್ಕವನ್ನು ಮತ್ತೆ ಬಿಡಿಸಿದರು. ಗಾಳಿ ಕಟ್ಟಡದ ಮುಖಕ್ಕೆ ನೇರವಾಗಿ ಬೀಸಿದರೆ ಏನಾದೀತೆಂದು ನೋಡುವುದಷ್ಟೇ ಆಗಿನ ನಗರದ ನಿಯಮ. ಮೂಲೆಯ ಕಡೆಯಿಂದ, ಏಕಕಾಲಕ್ಕೆ ಎರಡು ಮುಖಗಳಿಗೆ ಬಡಿಯುವಂತೆ ಬೀಸಿದರೆ? ಮಾಮೂಲಿ ಕಟ್ಟಡಕ್ಕೆ ಅದರಿಂದ ಹೆಚ್ಚಿನ ಬಾಧೆಯಿಲ್ಲ. ಕಾಲುಗಳು ಮಧ್ಯದಲ್ಲಿದ್ದ ಈ ಕಟ್ಟಡದಲ್ಲಿ ಮಾತ್ರ ಕೆಲವು ಓರೆತೊಲೆಗಳ ಮೇಲಿನ ಬಲ ಶೇಕಡಾ 40ರಷ್ಟು ಏರುತ್ತದೆಂದು ಲೆಕ್ಕ ಹೇಳಿತು. ಅದೇ ಹೊತ್ತಿಗೆ ಇನ್ನೊಂದು ಸಂಗತಿಯೂ ಅವರಿಗೆ ತಿಳಿದುಬಂದಿತ್ತು. ತೊಲೆಗಳ ಸಂದುಗಳನ್ನು ಅವರು ಬೆಸೆಯಲು ಹೇಳಿದ್ದರು. ಖರ್ಚು ಕಡಿಮೆಯೆಂದು ಅವುಗಳನ್ನು ಬರೀ ಬೋಲ್ಟು ಹಾಕಿ ಬಿಗಿಯಲಾಗಿತ್ತು. ಸಂದಿನ ಲೆಕ್ಕದಲ್ಲಿ ಏರಿಕೆ ಶೇಕಡಾ 160. ಹವಾಮಾನದ ದಾಖಲೆಗಳೊಡನೆ ತಾಳೆ ನೋಡಿದಾಗ ಬಂದ ಉತ್ತರ: ವಿದ್ಯುತ್ ಹೋಗಿ ಮೇಲಿನ ದಿಮ್ಮಿ ನಿಂತರೆ, ಸರಾಸರಿ ಹದಿನಾರು ವರ್ಷಕ್ಕೊಮ್ಮೆ ಬರುವಂಥ ಬಿರುಗಾಳಿ ಸಾಕು. ಬಿರುಗಾಳಿ ಬಂದಾಗಲೇ ವಿದ್ಯುತ್ ಹೋಗುವುದೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಲೆಮೆಷರ್ ಬಾಯಿ ಮುಚ್ಚಿಕೊಂಡಿರಬಹುದಿತ್ತು; ಆತ್ಮಹತ್ಯೆಯ ಯೋಚನೆಯೂ ಬಂದಿತ್ತೆಂದು ಆಮೇಲೆ ಹೇಳಿದ್ದಾರೆ. ಅವರು ಬ್ಯಾಂಕಿನವರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಗಸ್ಟ್ ತಿಂಗಳಿಂದ ಪ್ರತಿ ರಾತ್ರಿ ಬೆಸುಗೆಯವರು ಬಂದು, ಕಚೇರಿಯ ಒಳಗೋಡೆ ಬಿಡಿಸಿ, ಇನ್ನೂರಕ್ಕೂ ಹೆಚ್ಚು ಸಂದುಗಳ ಮೇಲೆ ಎರಡಂಗುಲ ದಪ್ಪದ ಉಕ್ಕಿನ ತಗಡು ಬೆಸೆದರು. ಬೆಳಗಾಗುವುದರೊಳಗೆ ಬೂದಿ, ಹೊಗೆಯ ಗುರುತು ಅಳಿಸಿ, ಗುಮಾಸ್ತರು ಬರುವ ಹೊತ್ತಿಗೆ ಕಚೇರಿ ಎಂದಿನಂತೆ. ಸೆಪ್ಟೆಂಬರ್ ಆರಂಭದಲ್ಲಿ 'ಎಲ್ಲಾ' ಎಂಬ ಚಂಡಮಾರುತ ಸಮುದ್ರದಲ್ಲಿ ನ್ಯೂಯಾರ್ಕಿನ ದಿಕ್ಕು ಹಿಡಿದಿತ್ತು. ಸುತ್ತಣ ಬೀದಿಗಳನ್ನು ತೆರವು ಮಾಡಿಸುವ ಯೋಜನೆ ಗುಟ್ಟಾಗಿ ತಯಾರಾಯಿತು. ಚಂಡಮಾರುತ ತಾನಾಗಿ ಕಡಲಿನತ್ತ ತಿರುಗಿತು.

ಜನರಿಗೆ ಇದಾವುದೂ ಗೊತ್ತಾಗಲಿಲ್ಲ. ಆಗಸ್ಟ್ 10ರಿಂದ ನಗರದ ದೊಡ್ಡ ಪತ್ರಿಕೆಗಳೆಲ್ಲ ಮುಷ್ಕರದಿಂದ ನಿಂತುಹೋಗಿದ್ದವು, ಕೇಳುವವರೇ ಇರಲಿಲ್ಲ. ವಿಷಯ ಬಯಲಾದದ್ದು 1995ರಲ್ಲಿ, ಜೋ ಮಾರ್ಗನ್‌ಸ್ಟರ್ನ್ 'ನ್ಯೂಯಾರ್ಕರ್' ವಾರಪತ್ರಿಕೆಯಲ್ಲಿ ಬರೆದಾಗ. ಹದಿನೇಳು ವರ್ಷ ತಡವಾಗಿ! ಅಲ್ಲಿಂದೀಚೆಗೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಲೆಮೆಷರ್ ಪ್ರಾಮಾಣಿಕತೆಗೆ ಉದಾಹರಣೆಯಾಗಿದ್ದಾರೆ. ಅದು ಅರ್ಧ ಮಾತ್ರ ನ್ಯಾಯ. ಯಜಮಾನರಿಗೆ ಸತ್ಯ ಹೇಳಿದ್ದು ದೊಡ್ಡದು. ಆದರೆ ಆ ಕಟ್ಟಡದಲ್ಲಿ ದಿನವೂ ಕೂತು ಕೆಲಸ ಮಾಡಿದವರಿಗೆ, ಎದುರಿನ ಬೀದಿಯ ಮನೆಗಳವರಿಗೆ, ತಮ್ಮ ತಲೆಯ ಮೇಲಿನ ಗಂಡಾಂತರ ತಿಳಿಯುವ ಹಕ್ಕು ಇರಲಿಲ್ಲವೇ? ಗಾಬರಿ ಹುಟ್ಟುತ್ತದೆಂಬ ಕಾರಣ ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಸಿದ್ಧವಾಗಿರುವ ಕಾರಣ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕ ಸರ್ಕಾರದ ಮಾನಕ ಸಂಸ್ಥೆಯ ತಜ್ಞರು ಹೊಸ ವಿಧಾನದಿಂದ ಲೆಕ್ಕ ಮಾಡಿ, ಮೂಲೆಯ ಗಾಳಿ ಅಂದುಕೊಂಡಷ್ಟು ಘೋರವಾಗಿರಲಿಲ್ಲ ಎಂದಿದ್ದಾರೆ. ಹಾಗಿದ್ದರೂ 1978ರಲ್ಲಿ ಕೈಯಲ್ಲಿದ್ದ ಲೆಕ್ಕ ಅದಾಗಿರಲಿಲ್ಲ. ಆ ಕಟ್ಟಡವನ್ನು 2016ರಲ್ಲಿ ನಗರದ ಸ್ಮಾರಕಗಳ ಪಟ್ಟಿಗೆ ಸೇರಿಸಲಾಯಿತು.

ಹೀಗೆ ಗಾಳಿಯೊಡನೆ ಲೆಕ್ಕ ಸರಿಪಡಿಸಿಕೊಳ್ಳಲು ನಗರಕ್ಕೆ ತೊಂಬತ್ತು ವರ್ಷ ಹಿಡಿಯಿತು. ಅಷ್ಟು ಕಾಲವೂ ಕಣ್ಣು ಮೇಲೆಯೇ. ಕೆಳಗಿನ ನೀರಿನ ಕಥೆ ಇನ್ನೂ ಹಳೆಯದು. 1821ರ ಸೆಪ್ಟೆಂಬರ್ 3ರ ಚಂಡಮಾರುತದಲ್ಲಿ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ತುದಿಯಲ್ಲಿ ಸಮುದ್ರ ಒಂದೇ ಗಂಟೆಯಲ್ಲಿ 13 ಅಡಿ ಏರಿತೆಂದು ದಾಖಲೆಯಿದೆ. ಆಗ ಇಳಿತದ ಹೊತ್ತು, ಭರತವಿದ್ದಿದ್ದರೆ ಹೇಳುವಂತಿರಲಿಲ್ಲ. ಗಗನಚುಂಬಿಗಳು ಎದ್ದ ನೆಲವೂ ಸಾಮಾನ್ಯದ್ದಲ್ಲ. ಡಚ್ಚರ ಕಾಲದಲ್ಲಿ ಪೂರ್ವದ ದಡವಿದ್ದದ್ದು ಪರ್ಲ್ ಬೀದಿಯಲ್ಲಿ. ಕಸ, ಕಲ್ಲು, ಮಣ್ಣು ತುಂಬಿ ನದಿಯನ್ನು ಒತ್ತಿ ವಾಟರ್ ಬೀದಿ ಮಾಡಿದರು. ಆಮೇಲೆ ಫ್ರಂಟ್ ಬೀದಿ. ಆಮೇಲೆ ಸೌತ್ ಬೀದಿ. ಕೆರೆಯಂಗಳ ತುಂಬಿ ಬಡಾವಣೆ ಮಾಡಿದ ಊರಿನವರಿಗೆ ಈ ಕ್ರಮ ಪರಿಚಿತ. ಪಶ್ಚಿಮಕ್ಕೆ ಹಡ್ಸನ್ ನದಿಯ ಕಡೆಯೂ ಹೀಗೆಯೇ.

ಅಂಥ ತುಂಬಿದ ನೆಲದ ಮೇಲೆ, ಹಡ್ಸನ್ ಅಂಚಿನ ವೆಸ್ಟ್ ಬೀದಿಯಲ್ಲಿ, ನ್ಯೂಯಾರ್ಕ್ ಟೆಲಿಫೋನ್ ಕಂಪನಿ 1920ರ ದಶಕದಲ್ಲಿ ತನ್ನ ಮುಖ್ಯ ಕಚೇರಿ ಕಟ್ಟಿಸಿತು. ಬಾರ್ಕ್ಲೆ-ವೆಸಿ ಕಟ್ಟಡವೆಂದು ಅದರ ಹೆಸರು. 32 ಅಂತಸ್ತು, 498 ಅಡಿ. ರಾಲ್ಫ್ ವಾಕರ್ ಎಂಬ ಯುವ ವಾಸ್ತುಶಿಲ್ಪಿಗೆ ಹೆಸರು ತಂದ ಕೆಲಸ. ಕೆಳಗಿನ ಹಜಾರದ ಮಾಳಿಗೆಯ ಮೇಲೆ ಮನುಷ್ಯ ಸುದ್ದಿ ಕಳುಹಿಸುತ್ತ ಬಂದ ಬಗೆಗಳ ಚಿತ್ರಗಳಿವೆ. ಆ ಹಜಾರದ ಕೆಳಗೆ ಐದು ಹಂತದ ನೆಲಮಾಳಿಗೆ. 1888ರ ಹಿಮಗಾಳಿಗೆ ಹೆದರಿ ನೆಲಕ್ಕಿಳಿದ ತಂತಿಗಳು ಬಂದು ಸೇರುತ್ತಿದ್ದದ್ದು ಇಂಥ ಕೇಬಲ್ ಕೋಣೆಗಳಿಗೆ. 1991ರಲ್ಲಿ ಕಟ್ಟಡ ಸ್ಮಾರಕವಾಯಿತು. 2001ರ ಸೆಪ್ಟೆಂಬರ್ 11ರಂದು ಪಕ್ಕದ ವಿಶ್ವ ವ್ಯಾಪಾರ ಕೇಂದ್ರದ ಏಳನೆಯ ಕಟ್ಟಡ ಅದರ ಮೇಲೆ ಒರಗಿ ಬಿದ್ದಾಗಲೂ ದಪ್ಪ ಇಟ್ಟಿಗೆಯ ಮೈ ತಡೆದುಕೊಂಡಿತು. ಅಂದು ಒಡೆದ ನೀರಿನ ಕೊಳವೆಗಳಿಂದ ಕೇಬಲ್ ಕೋಣೆಗೆ ನೀರು ನುಗ್ಗಿತ್ತು. ಅದನ್ನು ಎಚ್ಚರಿಕೆಯೆಂದು ತಿಳಿಯಬಹುದಿತ್ತು.

2012ರ ಅಕ್ಟೋಬರ್ 29, ಸೋಮವಾರ. 'ಸ್ಯಾಂಡಿ' ಚಂಡಮಾರುತ ದಡ ಸೇರುವ ಹೊತ್ತಿಗೆ ಹುಣ್ಣಿಮೆಯ ಭರತ. ಮ್ಯಾನ್‌ಹಟನ್ ತುದಿಯ ಬ್ಯಾಟರಿಯಲ್ಲಿರುವ ಅಳತೆಗಂಬದಲ್ಲಿ ನೀರು ಇಳಿತದ ಮಟ್ಟದಿಂದ ಸುಮಾರು 14 ಅಡಿ ಏರಿತು. ಅದಕ್ಕೆ ಹಿಂದೆ ಆ ಅಳತೆಗಂಬ ಕಂಡ ಗರಿಷ್ಠ ಮಟ್ಟ 1960ರ 'ಡೋನಾ' ಚಂಡಮಾರುತದ 10 ಅಡಿ. ಹದಿಮೂರನೆಯ ಬೀದಿಯ ವಿದ್ಯುತ್ ಉಪಕೇಂದ್ರವನ್ನು ಹನ್ನೆರಡೂವರೆ ಅಡಿಯ ನೀರಿಗೆ ಸಿದ್ಧಪಡಿಸಲಾಗಿತ್ತು. ಅದು ಸ್ಫೋಟಿಸಿ ದ್ವೀಪದ ದಕ್ಷಿಣ ಭಾಗ ಕತ್ತಲಾಯಿತು. ನೀರು ಬಂದು ನಿಂತ ಜಾಗಗಳನ್ನು ಆಮೇಲೆ ನಕ್ಷೆಯಲ್ಲಿ ಗುರುತಿಸಿದಾಗ, ಅದು ಹೆಚ್ಚುಕಡಿಮೆ ಹಳೆಯ ದಡದ ಗೆರೆಯನ್ನೇ ಹಿಡಿದಿತ್ತು. ಷೇರುಪೇಟೆ ಎರಡು ದಿನ ಮುಚ್ಚಿತು. ಹವಾಮಾನದ ಕಾರಣಕ್ಕೆ ಸತತ ಎರಡು ದಿನ ಮುಚ್ಚಿದ್ದು 1888ರ ನಂತರ ಅದೇ ಮೊದಲು.

ಗಾಳಿಗೆ ಒಂದು ಹಳೆಯ ಗೋಪುರವೂ ಬೀಳಲಿಲ್ಲ. ಬಾರ್ಕ್ಲೆ-ವೆಸಿ ಕಟ್ಟಡವೂ ಹೊರಗಿನಿಂದ ನೋಡಿದರೆ ಎಂದಿನಂತೆಯೇ ಇತ್ತು. ಒಳಗೆ ನೆಲಮಾಳಿಗೆಗಳು ತುಂಬಿಹೋಗಿದ್ದವು. ತಾಮ್ರದ ಕೇಬಲುಗಳೊಳಗೆ ತೇವ ಸೇರದಿರಲಿ ಎಂದು ಟೆಲಿಫೋನು ಕಚೇರಿಗಳಲ್ಲಿ ಯಂತ್ರದಿಂದ ಅವುಗಳೊಳಗೆ ಗಾಳಿ ಒತ್ತಿ ತುಂಬುವ ಪದ್ಧತಿಯಿದೆ. ವಿದ್ಯುತ್ ಹೋಗಿ, ಯಂತ್ರ ಮುಳುಗಿ, ಒತ್ತಡ ತಗ್ಗಿದೊಡನೆ ಉಪ್ಪುನೀರು ಕೇಬಲಿನೊಳಗೆ ಹೊಕ್ಕಿತು. ಮೇಲಿನ ಅಂತಸ್ತುಗಳಲ್ಲಿ ಜನರೇಟರು ಇದ್ದರೂ ಅದಕ್ಕೆ ಎಣ್ಣೆ ಏರಿಸುವ ಪಂಪು ಕೆಳಗೆ ಇದ್ದರೆ ಏನು ಬಂತು? ಇಂಥ ಅವಸ್ಥೆ ಆ ರಾತ್ರಿ ಒಂದೇ ಕಟ್ಟಡದ್ದಾಗಿರಲಿಲ್ಲ. ಲಿಫ್ಟಿನ ಯಂತ್ರ, ವಿದ್ಯುತ್ ಫಲಕ, ಎಣ್ಣೆಯ ತೊಟ್ಟಿ ಎಲ್ಲವನ್ನೂ ನೆಲಮಾಳಿಗೆಗೆ ತಳ್ಳುವುದು ಶತಮಾನದ ವಾಡಿಕೆ; ಬಾಡಿಗೆ ಬರುವ ಅಂತಸ್ತನ್ನು ಯಂತ್ರಕ್ಕೆ ಕೊಡುವವರಾರು? ಕಟ್ಟಡಗಳು ನಿಂತಿದ್ದವು, ಕಚೇರಿಗಳು ನಡೆಯಲಿಲ್ಲ. ಕೆಲವು ಕಡೆ ಕೆಲಸ ಮೊದಲಾಗಲು ತಿಂಗಳುಗಳೇ ಬೇಕಾದವು.

ಆಮೇಲೆ ನಡೆದದ್ದನ್ನು ಬೇಗ ಹೇಳಬಹುದು. ಕೊಳೆತ ತಾಮ್ರವನ್ನು ಕತ್ತರಿಸಿ ಎಳೆದು ಹಾಕಿ, ನೀರಿಗೆ ಅಷ್ಟು ಸುಲಭಕ್ಕೆ ಕೆಡದ ಗಾಜಿನೆಳೆಯ ಕೇಬಲು ಹಾಕಿದರು. ಯಂತ್ರಗಳನ್ನು ಮೇಲಿಡಲು ಅನುಕೂಲವಾಗುವಂತೆ 2013ರಲ್ಲಿ ನಗರದ ನಿಯಮಗಳು ಬದಲಾದವು. ಬಾರ್ಕ್ಲೆ-ವೆಸಿ ಕಟ್ಟಡದ ಮೇಲಿನ ಅಂತಸ್ತುಗಳು ಮನೆಗಳಾದವು; ವುಲ್‌ವರ್ತ್ ಗೋಪುರದ ತುದಿಯೂ ಹಾಗೆಯೇ. ಕಚೇರಿಯಾಗಿ ಹುಟ್ಟಿದವು ಸಿರಿವಂತರ ವಸತಿಯಾಗಿ ಉಳಿದುಕೊಳ್ಳುತ್ತಿವೆ.

ನೀರು ಮಾತ್ರ ನಿಂತಿಲ್ಲ. ಬ್ಯಾಟರಿಯ ಅಳತೆಗಂಬದ ಪ್ರಕಾರ 1900ರಿಂದೀಚೆಗೆ ಸಮುದ್ರದ ಮಟ್ಟ ಸುಮಾರು ಒಂದು ಅಡಿ ಏರಿದೆ. ಅಷ್ಟರಿಂದ ಕಟ್ಟಡಕ್ಕೇನೂ ಆಗದು; ಮುಂದಿನ ಚಂಡಮಾರುತ ಆ ಒಂದು ಅಡಿ ಏಣಿಯ ಮೇಲೆ ನಿಂತೇ ಬರುತ್ತದೆ. ಬ್ಯಾಟರಿ ಉದ್ಯಾನದ ಅಂಚಿನ ದಂಡೆಯನ್ನು ಎತ್ತರಿಸುವ ಕೆಲಸ 2024ರಲ್ಲಿ ಮೊದಲಾಯಿತು. ಷೇರುಪೇಟೆ, ಹಳೆಯ ಬ್ಯಾಂಕುಗಳಿರುವ ಪೂರ್ವದ ದಡಕ್ಕಾಗಿ ನಗರ 2021ರ ಡಿಸೆಂಬರಿನಲ್ಲಿ ಒಂದು ಯೋಜನೆ ಹೊರಡಿಸಿತು. ಅಂದಾಜು ವೆಚ್ಚ 500ರಿಂದ 700 ಕೋಟಿ ಡಾಲರ್. ಸೌತ್ ಬೀದಿಯಲ್ಲಿ ಹೆದ್ದಾರಿಯೂ ಸುರಂಗಗಳೂ ಇಕ್ಕಟ್ಟಾಗಿರುವುದರಿಂದ ಅಲ್ಲಿ ಗೋಡೆ ಕಟ್ಟಲು ಜಾಗವಿಲ್ಲವೆಂದು ಆ ಯೋಜನೆ ಹೇಳುತ್ತದೆ. ಆದ್ದರಿಂದ ಅದು ಸೂಚಿಸಿರುವ ಉಪಾಯ, ನದಿಯೊಳಕ್ಕೆ ಇನ್ನಷ್ಟು ಒತ್ತಿ ಹೊಸದೊಂದು ದಡ ನಿರ್ಮಿಸುವುದು. ಕೆಲವೆಡೆ 200 ಅಡಿಯವರೆಗೆ.